ಲಕ್ಕಮ್ಮನ ಲೆಕ್ಕ

ನಮ್ಮ ಮನೆಗೂ ಪಕ್ಕದ ಮೇಷ್ಟ್ರ ಮನೆಗೂ ನಡುವೆ ಇರೋದು ಎದೆಮಟ್ಟದ ಒಂದು ಕಾಂಪೌಂಡು. ಬೆಳಗ್ಗೆ ಏಳೂವರೆ ಹೊತ್ತಿಗೆ ಅದರ ಮೇಲೆ ಆ ಕಡೆಯಿಂದ ಅವರ ಕಾಫಿ ಲೋಟ ಬಂದು ಕೂರುತ್ತದೆ, ಈ ಕಡೆಯಿಂದ ನನ್ನ ಅಕ್ಕಿ ಮೊರ. ಮೊನ್ನೆ ಅವರು ಲೋಟ ಇಟ್ಟವರೇ ಕೇಳಿದರು: “ಏನಮ್ಮಾ, ನಿಮ್ಮ ಮೆಚ್ಚಿನ ತತ್ವಜ್ಞಾನಿ ಯಾರು?”

ಯಲಹಂಕದಲ್ಲಿರುವ ಮೊಮ್ಮಗಳು ರಾತ್ರಿ ಫೋನ್ ಮಾಡಿದ್ದಳಂತೆ. ಕಾಲೇಜಿನಲ್ಲಿ ಈ ವಿಷಯದ ಮೇಲೆ ಐದು ನಿಮಿಷ ಮಾತಾಡಬೇಕು, ಯಾರ ಬಗ್ಗೆ ಹೇಳಲಿ ತಾತ ಅಂದಳಂತೆ. “ನಾನು ಯೋಚನೆ ಮಾಡೋಕೂ ಹೋಗಲಿಲ್ಲ. ಠಾಕೂರರು ಅಂದುಬಿಟ್ಟೆ.”

ಮೇಷ್ಟ್ರು ಹಾಗೆ ಹೇಳದೆ ಇನ್ನೇನು ಹೇಳಿಯಾರು? ಇಡೀ ಬಡಾವಣೆ ಆರ್.ಟಿ. ನಗರ ಅಂದರೆ ಇವರೊಬ್ಬರು ಆಟೋದವರಿಗೂ ‘ರವೀಂದ್ರನಾಥ ಠಾಕೂರ್ ನಗರ’ ಅಂತ ಬಿಡಿಸಿ ಹೇಳುತ್ತಾರೆ. ಬಸ್ಸಿನ ಬೋರ್ಡಿನಲ್ಲಿ, ಕರೆಂಟ್ ಬಿಲ್ಲಿನಲ್ಲಿ, ಮದುವೆ ಪತ್ರಿಕೆಯಲ್ಲಿ ಆ ಹೆಸರು ಎರಡಕ್ಷರವಾಗಿ ಉಳಿದಿರುವುದು ಅವರಿಗೆ ನಿಜವಾಗಿಯೂ ನೋವು. ಅವರ ಮಾತು ಕೇಳಿ ಕೇಳಿ ನನಗೂ ಆಗ್ಗಾಗ್ಗೆ ಚುರುಕ್ ಅನ್ನುತ್ತದೆ. ಆ ಮನುಷ್ಯ ನಮ್ಮ ಊರಿಗೆ ಹೊರಗಿನವರೇನಲ್ಲ. 1928ರಲ್ಲಿ, ಆಗ ಮೈಸೂರು ವಿಶ್ವವಿದ್ಯಾಲಯದ ವೈಸ್ ಛಾನ್ಸಲರ್ ಆಗಿದ್ದ ಬ್ರಜೇಂದ್ರನಾಥ ಸೀಲರ ಅತಿಥಿಯಾಗಿ ಬೆಂಗಳೂರಿನಲ್ಲಿ ಇದ್ದುಕೊಂಡೇ ‘ಶೇಷೇರ್ ಕವಿತಾ’ ಕಾದಂಬರಿ ಮುಗಿಸಿದವರು. ಸೀಲರೂ ದೊಡ್ಡ ತತ್ವಜ್ಞಾನಿ.

“ಐನ್‌ಸ್ಟೀನ್ ಜೊತೆ ಮಾತಾಡಿದ್ದು ಗೊತ್ತಲ್ಲಮ್ಮಾ?” ಅಂದರು ಮೇಷ್ಟ್ರು. ಗೊತ್ತು, ನೂರು ಸಲ ಕೇಳಿದ್ದೇನೆ, ಇನ್ನೊಂದು ಸಲ ಕೇಳಲೂ ಬೇಸರವಿಲ್ಲ. 1930ರ ಜುಲೈ 14, ಬರ್ಲಿನ್ ಹತ್ತಿರ ಕಾಪುತ್ ಅನ್ನೋ ಊರಲ್ಲಿ ಐನ್‌ಸ್ಟೀನರ ಮನೆ. ಮನುಷ್ಯ ಇದ್ದರೂ ಇಲ್ಲದಿದ್ದರೂ ಸತ್ಯ ಸತ್ಯವೇ, ಮನೆಯಲ್ಲಿ ಯಾರೂ ಇಲ್ಲದಾಗಲೂ ಈ ಮೇಜು ಇಲ್ಲೇ ಇರುತ್ತದೆ ಅಂತ ಐನ್‌ಸ್ಟೀನರ ವಾದ. ಮನುಷ್ಯನ ಅರಿವಿಗೆ ಸಂಬಂಧವೇ ಇಲ್ಲದ ಸತ್ಯವೊಂದು ಇದ್ದರೆ ನಮ್ಮ ಪಾಲಿಗೆ ಅದು ಇಲ್ಲದ ಹಾಗೇ ಅಂತ ಠಾಕೂರರ ವಾದ. ಪುಸ್ತಕ ತಿನ್ನುವ ಹುಳುವಿನ ಉದಾಹರಣೆ ಕೊಟ್ಟರು. ಆ ಹುಳುವಿಗೆ ಕಾಗದವೇ ನಿಜ, ಕಾಗದದ ಮೇಲಿನ ಸಾಹಿತ್ಯ ಇಲ್ಲವೇ ಇಲ್ಲ. ಇಷ್ಟು ಹೇಳುವಷ್ಟರಲ್ಲಿ ಮೇಷ್ಟ್ರ ಕಾಫಿ ಆರಿ ತಣ್ಣಗಾಗಿತ್ತು.

“ಒಪ್ಪಿದೆ ಮೇಷ್ಟ್ರೇ. ಆದರೆ ನನ್ನ ಮೆಚ್ಚಿನವಳು ಬೇರೆ.”

“ಯಾರು?”

“ಆಯ್ದಕ್ಕಿ ಲಕ್ಕಮ್ಮ.”

ಮೇಷ್ಟ್ರು ಸ್ವಲ್ಪ ಹೊತ್ತು ಮಾತಾಡಲಿಲ್ಲ. “ಶರಣೆ ಅನ್ನಿ, ಒಪ್ಪುತ್ತೀನಿ. ವಚನಕಾರ್ತಿ, ಅದೂ ಸರಿ. ತತ್ವಜ್ಞಾನಿ ಅನ್ನಬೇಕಾದರೆ ಒಂದು ವಾದ ಬೇಕಲ್ಲಮ್ಮಾ. ಪೂರ್ವಪಕ್ಷ, ಖಂಡನೆ, ಸಿದ್ಧಾಂತ.”

ಎಲ್ಲವೂ ಇದೆ. ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಲಕ್ಕಮ್ಮ, ಮಾರಯ್ಯ ಗಂಡಹೆಂಡತಿ ಇಬ್ಬರೂ ಈಗಿನ ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದ ಕಡೆಯವರು. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣಕ್ಕೆ ಬಂದರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಬೇಯಿಸಿ, ಜಂಗಮರಿಗೆ ಬಡಿಸಿ, ಆಮೇಲೆ ಉಣ್ಣುವುದು ಇಬ್ಬರ ನೇಮ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಅವನನ್ನು ಪರೀಕ್ಷೆ ಮಾಡಲೆಂದು ಬಸವಣ್ಣನವರೇ ಹೆಚ್ಚು ಚೆಲ್ಲಿಸಿದ್ದರು ಅಂತಲೂ ಕಥೆ ಇದೆ. ಲಕ್ಕಮ್ಮ ಮೊರದಲ್ಲಿ ಹಾಕಿಕೊಂಡು ನೋಡಿದಳು. ಇದು ನಮ್ಮ ದಿನದ ಅಳತೆಯಲ್ಲ, ಹೋಗಿ ಅಲ್ಲೇ ಸುರಿದು ಬಾ ಅಂದಳು.

ಪೂರ್ವಪಕ್ಷ ನೋಡಿ, ಎಷ್ಟು ಗಟ್ಟಿಯಾಗಿದೆ. ಮಾರಯ್ಯ ಕದ್ದಿಲ್ಲ. ಬಿದ್ದದ್ದನ್ನು ಆಯ್ದದ್ದು. ತಂದದ್ದೂ ತನಗೆ ಅಂತ ಅಲ್ಲ, ನಾಲ್ಕು ಜನಕ್ಕೆ ಹೆಚ್ಚು ಬಡಿಸೋಣ ಅಂತ. ಈ ಕಾಲದಲ್ಲಾದರೆ ಹಾರ ಹಾಕಿ ಸನ್ಮಾನ ಮಾಡುತ್ತಿದ್ದರು. ಲಕ್ಕಮ್ಮನ ಖಂಡನೆ ಬರುವುದು ಸರಿಯಾಗಿ ಅಲ್ಲೇ. ಆಸೆ ರಾಜರ ಪಾಲಿನದು, ನಮ್ಮದಲ್ಲ; ಕೊಡುವುದಕ್ಕೆ ಅಂತ ಕೂಡಿಹಾಕಿದರೂ ಅದು ಆಸೆಯೇ; ದುಡಿತಕ್ಕೆ ಮೀರಿ ಬಂದದ್ದರಿಂದ ಮಾಡಿದ ದಾಸೋಹ ದೇವರಿಗೆ ಮುಟ್ಟುವುದಿಲ್ಲ. ಒಳ್ಳೆಯ ಕೆಲಸಕ್ಕೆ ತಾನೇ ಅನ್ನುವ ನೆಪದಲ್ಲಿ ಅತಿಯಾಸೆ ಒಳಗೆ ನುಸುಳುತ್ತದೆ ಅನ್ನುವುದನ್ನು ಅವಳು ಮೊರದ ಮುಂದೆ ಕೂತು ಕಂಡುಕೊಂಡಳು. ಇನ್ನು ಸಿದ್ಧಾಂತ. ಆ ಗಂಡಹೆಂಡತಿ ಅಳತೆಯ ಅಕ್ಕಿಯಿಂದಲೇ ಒಂದು ಲಕ್ಷ ತೊಂಬತ್ತಾರು ಸಾವಿರ ಜಂಗಮರಿಗೆ ಉಣಬಡಿಸಿದರು ಅನ್ನುತ್ತದೆ ಕಥೆ. ಲೆಕ್ಕ ಹಾಕಲು ಹೋಗಬಾರದು, ಅದು ಹೇಳಬೇಕಾದ್ದನ್ನು ಹೇಳುತ್ತದೆ.

ಇನ್ನೊಂದು ವಿಷಯಕ್ಕೂ ನನಗೆ ಅವಳ ಮೇಲೆ ಪ್ರೀತಿ. ಅನುಭವದ ಮಾತು ಕೇಳುತ್ತಾ ಮಾರಯ್ಯ ಮೈಮರೆತು ಕೂತಾಗ, ಕಾಯಕ ನಿಂತಿದೆ, ಏಳು ಅಂತ ಎಬ್ಬಿಸಿದವಳೂ ಇವಳೇ. ತತ್ವದ ಮಾತಿಗಿಂತ ಹೊತ್ತಿಗೆ ಸರಿಯಾದ ಕೆಲಸ ಮುಂದೆ. ಕಾಯಕವನ್ನೂ ಕೈಲಾಸವನ್ನೂ ಒಂದು ಮಾಡಿದ ಆ ಪ್ರಸಿದ್ಧ ಮಾತು ಆಫೀಸುಗಳ ಗೋಡೆಯ ಮೇಲೆ ಬಸವಣ್ಣನವರ ಚಿತ್ರದ ಕೆಳಗೆ ಇರುತ್ತದಲ್ಲ, ಅದು ಬರುವುದು ಮಾರಯ್ಯನ ವಚನದಲ್ಲಿ. ಅವನಿಗೆ ಆ ಪಾಠ ಎಲ್ಲಿಂದ ಬಂತು ಅಂತ ನನಗೇನೂ ಅನುಮಾನವಿಲ್ಲ, ಅಡುಗೆಮನೆಯಿಂದ.

ಮೇಷ್ಟ್ರು ಕೇಳಿದರು, “ಇವಳು ನಿಮಗೆ ಸಿಕ್ಕಿದ್ದು ಎಲ್ಲಿ?”

ಸಿಕ್ಕಿದ್ದು ಪುಸ್ತಕದಲ್ಲೇ. ಬಿಜಾಪುರದ ವಕೀಲರು ಫ.ಗು. ಹಳಕಟ್ಟಿಯವರು ಮನೆಮನೆ ತಿರುಗಿ ತಾಳೆಗರಿ ಕೂಡಿಸದೆ ಹೋಗಿದ್ದರೆ, 1923ರಲ್ಲಿ ‘ವಚನಶಾಸ್ತ್ರಸಾರ’ ಅಚ್ಚು ಹಾಕಿಸದೆ ಹೋಗಿದ್ದರೆ ಲಕ್ಕಮ್ಮ ಈ ಕಾಂಪೌಂಡಿನವರೆಗೆ ಬರುತ್ತಿರಲಿಲ್ಲ. ಈಗಂತೂ ಸಿರಿಗೆರೆ ಮಠದವರು ಇಪ್ಪತ್ತು ಸಾವಿರಕ್ಕೂ ಮೀರಿದ ವಚನಗಳನ್ನು ಮೊಬೈಲಿನಲ್ಲೇ ಹುಡುಕುವ ಹಾಗೆ ಮಾಡಿಕೊಟ್ಟಿದ್ದಾರೆ. ಅವರ ತರಳಬಾಳು ಕೇಂದ್ರ ನಮ್ಮ ಆರ್.ಟಿ. ನಗರದಲ್ಲೇ ಇದೆ. ಅಷ್ಟು ವಚನಗಳಲ್ಲಿ ಲಕ್ಕಮ್ಮನವು ಇಪ್ಪತ್ತೈದೇ. ಅವಳ ಅಂಕಿತದಲ್ಲಿ ಗಂಡನೂ ಇದ್ದಾನೆ, ಊರ ದೇವರೂ ಇದ್ದಾನೆ: ಮಾರಯ್ಯಪ್ರಿಯ ಅಮರೇಶ್ವರಲಿಂಗ.

ಸಿಕ್ಕಿದ್ದು ಪುಸ್ತಕದಲ್ಲಾದರೂ ಮನಸ್ಸಿನಲ್ಲಿ ಕೂತದ್ದು ಯಶವಂತಪುರದಲ್ಲಿ. ಹೋದ ವರ್ಷ ಮಗನ ಮನೆ ಗೃಹಪ್ರವೇಶಕ್ಕೆ ಅಕ್ಕಿ ತರೋಣ ಅಂತ ಎಪಿಎಂಸಿ ಯಾರ್ಡಿಗೆ ಹೋಗಿದ್ದೆವು. ಲಾರಿಯಿಂದ ಮೂಟೆ ಇಳಿಸುತ್ತಿದ್ದರು. ಹಮಾಲಿ ಕೊಕ್ಕೆ ಹಾಕಿ ಎಳೆದ ಜಾಗದಲ್ಲಿ ಚೀಲ ಹರಿದು ಸಣ್ಣಗೆ ಅಕ್ಕಿ ಸುರಿಯುತ್ತದೆ. ಲಾರಿ ಮುಂದಕ್ಕೆ ಹೋದ ಮೇಲೆ ಒಬ್ಬ ಹೆಂಗಸು ಬಂದಳು, ಕೈಯಲ್ಲಿ ಕಡ್ಡಿಪೊರಕೆ, ಕಂಕುಳಲ್ಲಿ ಮೊರ. ಗುಡಿಸಿದಳು, ಜರಡಿ ಹಿಡಿದಳು, ಮೊರಕ್ಕೆ ಹಾಕಿ ಕೇರಿದಳು. ನೆಲದ ಮೇಲೆ ಮೂರು ಗುಡ್ಡೆ ಆಯಿತು: ಇಡೀ ಅಕ್ಕಿ, ನುಚ್ಚು, ಮಣ್ಣು ಬೆರೆತದ್ದು. ಮಣ್ಣಿನದನ್ನು ಬೆರಳಲ್ಲಿ ಹರಡಿ ಅದರಲ್ಲೂ ಒಂದೊಂದೇ ಕಾಳು ಎತ್ತಿ ಮೊದಲ ಗುಡ್ಡೆಗೆ ಹಾಕಿದಳು. ಎಷ್ಟಾಗತ್ತಮ್ಮಾ ದಿನಕ್ಕೆ ಅಂತ ಕೇಳಿದೆ. “ಲಾರಿ ಬಂದಷ್ಟು ಅಕ್ಕಾ. ಒಂದಿನ ಎರಡು ಸೇರು, ಒಂದಿನ ಒಂದು ಪಾವೂ ಇಲ್ಲ” ಅಂದಳು, ತಲೆ ಎತ್ತದೆ. ನಮ್ಮ ಆಟೋದಲ್ಲಿ ಇಪ್ಪತ್ತೈದು ಕೆಜಿಯ ನಾಲ್ಕು ಮೂಟೆ ಸೋನಾ ಮಸೂರಿ ಇದ್ದವು.

ಆವತ್ತು ನನಗೆ ಲಕ್ಕಮ್ಮ ಯಾರು ಅಂತ ಗೊತ್ತಾಯಿತು. ಅದುವರೆಗೆ ಅವಳ ಮಾತನ್ನು ‘ಇದ್ದುದರಲ್ಲಿ ತೃಪ್ತಿ ಇರಲಿ’ ಅನ್ನುವ ಬುದ್ಧಿವಾದ ಅಂತ ಓದಿಕೊಂಡಿದ್ದೆ. ಹೊಟ್ಟೆ ತುಂಬಿದವರು ಇಲ್ಲದವರಿಗೆ ಹೇಳುವ ಮಾತು ಅದು. ಲಕ್ಕಮ್ಮ ಹೇಳಿದ್ದು ಅದಲ್ಲ. ಅವಳೇ ಆ ಪೊರಕೆ ಹಿಡಿದವಳ ಜಾಗದಲ್ಲಿದ್ದವಳು. ನಾಳೆಗೆ ಒಂದು ಪಾವೂ ಸಿಗದೇ ಇರಬಹುದು ಅಂತ ಗೊತ್ತಿದ್ದವಳು. ಗೊತ್ತಿದ್ದೇ, ಇನ್ನೊಬ್ಬರ ಮೇಲೆ ಹೇರದೆ, ತನ್ನ ಮನೆಯ ಒಲೆಯ ಮೇಲೆ ಆ ಲೆಕ್ಕ ಇಟ್ಟುಕೊಂಡಳು. ಯಾರ್ಡಿನ ಹೆಂಗಸಿಗೆ ಲಕ್ಕಮ್ಮನ ಮಾತು ಹೇಳುವ ಹಕ್ಕು ನನಗಿಲ್ಲ. ನಾಲ್ಕು ಮೂಟೆಯ ನನಗೆ ಹೇಳುವ ಹಕ್ಕು ಲಕ್ಕಮ್ಮನಿಗೆ ಪೂರ್ತಿ ಇದೆ. ಎಷ್ಟೋ ಜನ ದೊಡ್ಡವರ ಮಾತು ಓದಿದ್ದೇನೆ, ತಲೆದೂಗಿದ್ದೇನೆ. ಅಂಗಡಿಯಲ್ಲಿ ಪರ್ಸು ತೆಗೆಯುವಾಗ ಕೈ ಹಿಡಿದವಳು ಇವಳೊಬ್ಬಳೇ.

ಮೇಷ್ಟ್ರು ಲೋಟ ಎತ್ತಿಕೊಂಡರು, ಮತ್ತೆ ಇಟ್ಟರು. “ಎಲ್ಲಾ ಸರಿಯಮ್ಮಾ, ಒಂದು ಮಾತು ಕೇಳ್ತೀನಿ. ಮಾರನೇ ದಿನ ಜಡಿಮಳೆ ಹಿಡಿದು ಅಂಗಳಕ್ಕೆ ಇಳಿಯೋಕೇ ಆಗದೆ ಹೋದರೆ? ಮಾರಯ್ಯನಿಗೆ ಜ್ವರ ಬಂದರೆ? ಆ ಹೆಚ್ಚಿನ ಅಕ್ಕಿ ಮನೇಲಿ ಇರಬೇಕಿತ್ತು ಅಲ್ವಾ?”

ಒಳ್ಳೆಯ ಪ್ರಶ್ನೆ. ಲಕ್ಕಮ್ಮನ ಬದಲು ಉತ್ತರ ಕೊಡಲು ನನಗೆ ಬಾಯಿ ಬರಲಿಲ್ಲ. ಪಕ್ಕದ ಮನೆಯವರು ಕೊಡುತ್ತಿದ್ದರು ಅನ್ನೋಣ ಅಂದುಕೊಂಡೆ. ಕಲ್ಯಾಣದಲ್ಲಿ ಆಗ ಹಾಗಿತ್ತು, ದಾಸೋಹ ಅಂದರೆ ಅದೇ. ಯಾರ್ಡಿನ ಹೆಂಗಸಿನ ಪಕ್ಕದಲ್ಲಿ ಯಾರಿದ್ದಾರೆ ಅನ್ನುವುದು ನೆನಪಾಗಿ ಸುಮ್ಮನಾದೆ.

“ಮೊಮ್ಮಗಳಿಗೆ ಇದನ್ನೂ ಹೇಳಿ ಮೇಷ್ಟ್ರೇ. ಐದು ನಿಮಿಷದಲ್ಲಿ ಕೊನೇ ನಿಮಿಷ ಈ ಪ್ರಶ್ನೆಗೆ ಇರಲಿ.”

“ಅಂದರೆ ಠಾಕೂರರನ್ನ ಬಿಡಬೇಕು ಅಂತೀರಿ.”

“ಅವಳನ್ನೇ ಕೇಳಿ.”

ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದರು. ಕಾಗದ ಇರಲಿಲ್ಲ. ಗೇಟಿಗೆ ಸಿಕ್ಕಿಸಿ ಹೋಗಿದ್ದ ಕರೆಂಟ್ ಬಿಲ್ಲಿನ ಹಿಂಬದಿಯನ್ನೇ ಕಾಂಪೌಂಡಿನ ಮೇಲೆ ಹರಡಿಕೊಂಡರು. ನನ್ನ ಮೊರವನ್ನು ಒಂದು ಗೇಣು ಪಕ್ಕಕ್ಕೆ ಸರಿಸಿದರು.

“ಅಮರೇಶ್ವರ. ಲಿಂಗಸುಗೂರು ತಾಲ್ಲೂಕು. ಹೂಂ, ಮುಂದೆ ಹೇಳಿ.”