ಹೊಕ್ಕಿಲ್ಲದ ಜೋಕು: ರಬಕವಿ ಪೆಂಡಾಲಿನ ಒಂದು ಕಿರು ಅಧ್ಯಯನ

ಬೆಂಗಳೂರಿನಲ್ಲಿ ‘ಓಪನ್ ಮೈಕ್’ ಎಂದರೆ ಹೆಸರು ಬರೆಸಿ, ಸರದಿ ಕಾಯ್ದು, ಐದು ನಿಮಿಷ ಜನರನ್ನು ನಗಿಸಲು ಒದ್ದಾಡುವ ಏರ್ಪಾಡು. ರಬಕವಿಯಲ್ಲಿ ಈ ಪಾರಿಭಾಷಿಕ ಪದಕ್ಕೆ ಅರ್ಥವೇ ಇಲ್ಲ. ಇಲ್ಲಿ ಮೈಕು ಮುಚ್ಚಿದ್ದನ್ನು ಕಂಡವರಿಲ್ಲ. ಆದಕಾರಣ ಪ್ರಸ್ತುತ ಸಂಶೋಧಕನು ತನ್ನ ಚೊಚ್ಚಲ ಪ್ರಯೋಗಕ್ಕೆ ಓಣಿಯ ಗಣಪತಿ ಪೆಂಡಾಲನ್ನು ಆರಿಸಿಕೊಂಡನು. ‘ಆರಿಸಿಕೊಂಡನು’ ಎಂಬುದು ಶಾಸ್ತ್ರೀಯ ಸುಳ್ಳು. ಆರ್ಕೆಸ್ಟ್ರಾದವರ ಟೆಂಪೊ ತಡವಾಗಿ, ‘ಬೆಂಗಳೂರಾಗ ಇರ್ತಾನಲ್ಲ, ಇವನ ಏನರೆ ಮಾತಾಡ್ಲಿ’ ಎಂದು ಕಮಿಟಿಯವರು ದೂಡಿದರು.

ಮೊದಲು ಪರಂಪರೆ. ಪಕ್ಕದ ಮುಧೋಳದಲ್ಲಿ 949ರಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ, ತೊಡೆ ಮುರಿಯುವ ‘ಗದಾಯುದ್ಧ’ದಲ್ಲೂ ಒಬ್ಬ ವಿದೂಷಕನಿಗೆ ಜಾಗ ಮಾಡಿಕೊಟ್ಟ. ಅಂಥವನೂ ವಿದ್ಯೆಗೆಂದು ಶ್ರವಣಬೆಳಗೊಳಕ್ಕೆ ಹೋಗಬೇಕಾಯಿತು. ನಮ್ಮ ಕಡೆಯವರು ಚಾನ್ಸ್ ಹುಡುಕಿ ದಕ್ಷಿಣಕ್ಕೆ ಬಸ್ ಹತ್ತುವ ಸಂಪ್ರದಾಯ ಹತ್ತನೆಯ ಶತಮಾನದ್ದೆಂದು ಇದರಿಂದ ಸಿದ್ಧ. (ಬಸ್ಸಿಗೆ ಶಾಸನಾಧಾರ ಸಿಕ್ಕಿಲ್ಲ.)

ಭರತಮುನಿ ನಗೆಯನ್ನು ಆರು ಬಗೆ ಮಾಡಿದ್ದಾನೆ: ಉತ್ತಮರಿಗೆ ಸ್ಮಿತ, ಹಸಿತ, ಮಧ್ಯಮರಿಗೆ ವಿಹಸಿತ, ಉಪಹಸಿತ, ಅಧಮರಿಗೆ ಅಪಹಸಿತ, ಅತಿಹಸಿತ. ಹಲ್ಲು ಕಾಣದ ಸ್ಮಿತದಿಂದ ಪಕ್ಕೆ ಹಿಡಿದುಕೊಂಡು ಅರಚುವ ಅತಿಹಸಿತದವರೆಗೆ ಲೆಕ್ಕ ಪಕ್ಕಾ. ಆದರೆ ಮುನಿ ಪವರ್‌ಲೂಮಿನ ಊರಿಗೆ ಬಂದವನಲ್ಲ. ಇಲ್ಲಿಯವರು ಮಗ್ಗದ ಖಟಪಟದಲ್ಲಿ ಚೀರಿಯೇ ಮಾತಾಡಿ ರೂಢಿಯಾದವರು. ಕರೆಂಟ್ ಹೋದಾಗಲೇ ಓಣಿಗೆ ಕಿವಿ ಬರುವುದು. ಜೋಕು ಕೇಳಿಸಬೇಕೆಂದರೆ ಕರೆಂಟ್ ಹೋಗಬೇಕು. ಕರೆಂಟ್ ಹೋದರೆ ಮೈಕೂ ಹೋಯಿತು. ಈ ಗಂಟಿನ ಬಗ್ಗೆ ನಾಟ್ಯಶಾಸ್ತ್ರ ಚಕಾರ ಎತ್ತುವುದಿಲ್ಲ.

ಇನ್ನು ಪ್ರಯೋಗ. ಸಂಶೋಧಕನು ರಾಜಧಾನಿಯಲ್ಲಿ ಕೇಳಿಬಂದ ಧಾಟಿಯಲ್ಲೇ ಶುರುಮಾಡಿದನು: ‘ಸಿಲ್ಕ್ ಬೋರ್ಡ್ ಸಿಗ್ನಲ್‌ನ್ಯಾಗ ನಿಂತಾಗ ನನಗ ಮೀಸಿ ಬಂದಿರಲಿಲ್ಲ, ದಾಟೂದ್ರಾಗ ಬೆಳ್ಳಗಾಗಿದ್ವು!’

ಆಗ ಕಂಡದ್ದು ಭರತ ಕಾಣದ ಏಳನೆಯ ಬಗೆ, ‘ಅಹಸಿತ’. ಲಕ್ಷಣ: ಎಡ ಅಂಗೈಯಲ್ಲಿ ತಂಬಾಕು, ಬಲ ಹೆಬ್ಬೆರಳು ಅದಕ್ಕೆ ಸುಣ್ಣ ತಿಕ್ಕುವುದನ್ನು ನಿಲ್ಲಿಸದು, ದೃಷ್ಟಿ ಟೆಂಪೊ ಬರಬೇಕಾದ ತಿರುವಿನ ಮೇಲೆ.

ಮುಂದಿನ ಸಾಲಿನಲ್ಲಿ ಒಬ್ಬ ಕಾಕಾ, ಬಿಳಿ ಟೊಪ್ಪಿಗೆಗೆ ಅಂಟಿದ ನೂಲಿನ ಎಳೆ ಸಮೇತ, ಎದ್ದು ನಿಂತರು.

‘ತಮ್ಮಾ, ಆ ಬೋರ್ಡಿನ್ಯಾಗ ರೇಷ್ಮಿ ಕೇಜಿಗೆ ಏನ್ ರೇಟ ಐತಿ?’

‘ಕಾಕಾ, ಅದು ಗಾಡಿ ಜಾಮ್ ಆಗು ಸರ್ಕಲ್ ರೀ.’

‘ಹಂಗಾದ್ರ ನೂಲೂ ಅಲ್ಲೇ ಸಿಕ್ಕೊಂಡೈತಿ ಬಿಡು. ಅದಕ್ಕ ನಮಗ ಮುಟ್ಟವಲ್ದು!’

ಪೆಂಡಾಲಿಗೆ ಪೆಂಡಾಲೇ ಅತಿಹಸಿತ. ಹೆಂಗಸರ ಕಡೆಯಿಂದ ಸೀಟಿ ಬಂತೆಂಬ ವರದಿಯೂ ಇದೆ. ಆ ಸರ್ಕಲ್ಲಿಗೆ ಹೆಸರು ಬಂದದ್ದು ಪಕ್ಕದ ಕೇಂದ್ರ ರೇಷ್ಮೆ ಮಂಡಳಿಯಿಂದ. ವ್ಯುತ್ಪತ್ತಿಶಾಸ್ತ್ರದ ಪ್ರಕಾರವೂ ಗೆದ್ದವರು ಕಾಕಾ.

ಸಂಶೋಧಕನ ಸಿದ್ಧಾಂತ ಹುಟ್ಟಿದ್ದು ಇಲ್ಲಿ. ಈ ಸೀಮೆ ಕುಲಗೋಡ ತಮ್ಮಣ್ಣನ ‘ಶ್ರೀಕೃಷ್ಣ ಪಾರಿಜಾತ’ ಕಂಡ ಸೀಮೆ. ಆ ಆಟದಲ್ಲಿ ದೂತಿ ಒಂದು ಅಂದರೆ ಭಾಗವತ ಎರಡು ಅನ್ನುತ್ತಾನೆ; ಸತ್ಯಭಾಮೆಯ ಸಿಟ್ಟೂ ಅವನ ಕೊಂಕಿನಿಂದ ತಪ್ಪಿಸಿಕೊಳ್ಳದು. ನಡುವೆ ಬಾಯಿ ಹಾಕುವವನನ್ನು ಬೆಂಗಳೂರಿನಲ್ಲಿ ಕಿರಿಕಿರಿ ಎನ್ನುತ್ತಾರೆ. ನಮ್ಮವರು ಅವನಿಗೆ ಪಾತ್ರವನ್ನೇ ಕೊಟ್ಟು ರಂಗಕ್ಕೆ ಹತ್ತಿಸಿದ್ದಾರೆ. ಒಬ್ಬನೇ ನಿಂತು ಹೇಳಿದ್ದು ಬರೀ ಹಾಸು. ಎದುರಿನಿಂದ ಲಾಳಿ ಓಡಿ ಹೊಕ್ಕು ಬಿದ್ದರೆ ತಾನೇ ಬಟ್ಟೆ!

ಪೂರ್ವಪಕ್ಷ: ಹಾಗಾದರೆ ಗಂಗಾವತಿ ಪ್ರಾಣೇಶ್ ಒಬ್ಬರೇ ನಿಂತು ತಾಸುಗಟ್ಟಲೆ ನಗಿಸುವುದು ಹೇಗೆ? ಉತ್ತರ: ಅವರು ಒಬ್ಬರಲ್ಲ. ಅವ್ವ, ಮೇಷ್ಟ್ರು, ಬೀಗರು, ಸಾಲದ್ದಕ್ಕೆ ಬೀಚಿ, ಎಲ್ಲರನ್ನೂ ಒಂದೇ ಗಂಟಲಲ್ಲಿ ಕರೆತರುತ್ತಾರೆ. ಲಾಳಿ ಅವರ ಕಿಸೆಯಲ್ಲೇ ಇರುತ್ತದೆ. ಸಂಶೋಧಕನ ಕಿಸೆಯಲ್ಲಿದ್ದದ್ದು ಜೋಕು ಬರೆದುಕೊಂಡ ಚೀಟಿ, ಅದೂ ಬೆವರಿಗೆ ತೊಯ್ದು ಅಕ್ಷರ ಹರಡಿತ್ತು.

ಟೆಂಪೊ ಬಂತು. ಯಾರೂ ತಿರುವಿನತ್ತ ನೋಡಲಿಲ್ಲ. ಕಾಕಾ ಆಗಲೇ ಮೈಕಿನ ಹತ್ತಿರ ಬಂದಿದ್ದರು. ಕಮಿಟಿಯ ಹುಡುಗ ಸಂಶೋಧಕನಿಗೆ ಶಾಲು, ತೆಂಗಿನಕಾಯಿ ಕೊಟ್ಟು ಕಿವಿಯಲ್ಲಿ ಹೇಳಿದ: ‘ಮುಂದಿನ ವರ್ಷ ಕಾಕಾನ ಹೆಸರು ಪಾಂಪ್ಲೆಟ್‌ನ್ಯಾಗ ಹಾಕ್ತೀವ್ರಿ. ನೀವೂ ಬರ್ರಿ ಸರ, ಅವರಿಗೆ ಮೈಕ್ ಹಿಡ್ಯಾಕ ಒಬ್ರು ಬೇಕು.’