ಹ್ಯಾಂಡ್‌ಬ್ರೇಕೂ ಮುರಕಲ್ಲೂ

ಮಂಗಳೂರಿನಲ್ಲಿ ಹಳೆಯ ಕಾರನ್ನಿಟ್ಟುಕೊಂಡವನಿಗೆ ಈ ಪಟ್ಟಣದ ಭೂರಚನೆಯನ್ನು ಬೇರೊಬ್ಬರು ವರ್ಣಿಸಿ ಹೇಳಬೇಕಾದ ಅಗತ್ಯವಿಲ್ಲ. ಬಾವುಟಗುಡ್ಡೆಯಿಂದ ಹಂಪನಕಟ್ಟೆಗೆ ಇಳಿಯುವುದು, ಅಲ್ಲಿಂದ ಕದ್ರಿಗೆ ಏರುವುದು, ಏರಿದ ತಪ್ಪಿಗೆ ಮತ್ತೆಲ್ಲಿಯಾದರೂ ಇಳಿಯುವುದು, ಹೀಗೆ ಆರೋಹಣಾವರೋಹಣಗಳಲ್ಲಿಯೇ ಕಾಲಕ್ಷೇಪ ಮಾಡುವ ವಾಹನಸ್ಥನಿಗೆ, ತನ್ನ ಬಂಡಿಯು ಓಡುವುದೇ ದೊಡ್ಡ ಸಂಗತಿಯೆಂಬ ಯೌವನದ ಭ್ರಾಂತಿಯು ಕ್ರಮೇಣ ಅಳಿದು, ಅದು ನಿಲ್ಲಿಸಿದಲ್ಲಿ ನಿಲ್ಲುವುದೇ ಪರಮ ಪುರುಷಾರ್ಥವೆಂಬ ವಿವೇಕವು ಉದಯಿಸುತ್ತದೆ.

ನಮ್ಮದು ಮಾರುತಿ 800. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲನೆಯ ಒಡೆಯರ ಕೈಗೆ ಬೀಗದಕೈಯನ್ನಿತ್ತಾಗ ಆರಂಭವಾಗಿ, 2014ರಲ್ಲಿ ತಯಾರಿಕೆ ನಿಲ್ಲುವವರೆಗೂ ಬೆಳೆದ ಆ ಸುಪ್ರಸಿದ್ಧ ವಂಶದಲ್ಲಿ ಹುಟ್ಟಿ, ಮೂರು ಸಿಲಿಂಡರಿನ ಪುಟ್ಟ ಎಂಜಿನ್ನಿನಿಂದಲೇ ಒಂದು ತುಂಬುಸಂಸಾರವನ್ನು ಹೊತ್ತು ತಿರುಗಿದ ಈ ಬಂಡಿಯ ವಿಷಯದಲ್ಲಿ ನನಗೆ ಯಾವ ದೂರೂ ಇಲ್ಲ. ವಯಸ್ಸಾದ ಮೇಲೆ ಕೀಲುಗಳು ಸಡಿಲವಾಗುವುದು ಮನುಷ್ಯನಿಗೂ ತಪ್ಪದಿರುವಾಗ ಕಬ್ಬಿಣವನ್ನು ಆಕ್ಷೇಪಿಸುವುದು ನ್ಯಾಯವಲ್ಲ.

ಕಾರಿನ ಅಂಗೋಪಾಂಗಗಳಲ್ಲೆಲ್ಲ ಹ್ಯಾಂಡ್‌ಬ್ರೇಕಿನಷ್ಟು ಉಪೇಕ್ಷಿತವಾದದ್ದು ಇನ್ನೊಂದಿಲ್ಲ. ಎಂಜಿನ್ ಆಯಿಲನ್ನು ಕಡ್ಡಿಯದ್ದಿ ನೋಡುತ್ತೇವೆ. ಟೈರಿನ ಗಾಳಿಯನ್ನು ಕಾಲಿನಿಂದ ಒದ್ದು ಪರೀಕ್ಷಿಸುತ್ತೇವೆ. ಹಾರನ್ನು ಕೆಟ್ಟರಂತೂ ಅಂಗವೈಕಲ್ಯವೇ ಪ್ರಾಪ್ತವಾದಂತೆ ಪರಿತಪಿಸುತ್ತೇವೆ. ಆದರೆ ಯಜಮಾನನು ಒಳಗೆ ಕುಳಿತು ನೀರುದೋಸೆ ತಿನ್ನುತ್ತಿರುವಾಗ ಹೊರಗೆ ಬಿಸಿಲಿನಲ್ಲಿ ನಿಂತು ಕಾವಲು ಕಾಯುವ ಆಳಿನಂತೆ, ಒಡೆಯನ ಗೈರುಹಾಜರಿಯಲ್ಲಿಯೇ ದುಡಿಯತಕ್ಕ ಈ ಸಾಧನವನ್ನು, ಅದು ಕೆಲಸ ತಪ್ಪಿ ಬಂಡಿಯು ತಾನಾಗಿ ನೆರೆಮನೆಯ ಕಾಂಪೌಂಡಿನ ಕಡೆಗೆ ಹೊರಟ ದಿನದ ಹೊರತು, ನೆನೆಯುವವರಿಲ್ಲ.

ಅದರ ರಚನೆಯಾದರೋ ಬಹು ಸರಳ. ಮುಂದಿನ ಎರಡು ಆಸನಗಳ ನಡುವೆ ಒಂದು ಸನ್ನೆ. ಅದರ ತುದಿಯಲ್ಲಿ ಒಂದು ಗುಂಡಿ. ಎಳೆದರೆ ಕಟಕಟನೆ ಹಲ್ಲಿಗೆ ಹಲ್ಲು ಕಚ್ಚಿಕೊಳ್ಳುವ ಕಚ್ಚುಚಕ್ರ. ಅಲ್ಲಿಂದ ಹೊರಟ ಉಕ್ಕಿನ ಕೇಬಲ್ಲು ಕಾರಿನ ಹೊಟ್ಟೆಯಡಿಯಲ್ಲಿ ಹಾಯ್ದು ಹಿಂದಿನ ಎರಡೂ ಚಕ್ರಗಳನ್ನು ಸೇರಿ, ಡ್ರಮ್ಮಿನೊಳಗೆ ಅರ್ಧಚಂದ್ರಾಕೃತಿಯಲ್ಲಿರುವ ಶೂಗಳೆರಡನ್ನು ಅಗಲಿಸಿ, ಅವುಗಳ ಮೈಗೆ ಅಂಟಿದ ಲೈನರನ್ನು ಡ್ರಮ್ಮಿಗೆ ಒತ್ತಿ ಹಿಡಿಯುತ್ತದೆ. ಕಾಲಿನ ಬ್ರೇಕಿನಂತೆ ಇದಕ್ಕೆ ಎಣ್ಣೆಯ ಹಂಗಿಲ್ಲ. ಸುಸ್ಥಿತಿಯಲ್ಲಿದ್ದರೆ ಸಾಧಾರಣವಾಗಿ 4ರಿಂದ 8 ಕಟಕಟಗಳೊಳಗೆ ಬಂಡಿಯು ಇಳಿಜಾರಿನಲ್ಲಿ ಸ್ಥಿರವಾಗಿ ನಿಲ್ಲಬೇಕು. ಲೈನರು ಸವೆದಂತೆಲ್ಲ ಶೂಗಳು ಕ್ರಮಿಸಬೇಕಾದ ದೂರವು ಹೆಚ್ಚಿ, ಕೇಬಲ್ಲೂ ತನ್ನ ಪಾಲಿಗೆ ಒಂದಿಷ್ಟು ಹಿಗ್ಗಿ, ಸನ್ನೆಯು ದಿನದಿಂದ ದಿನಕ್ಕೆ ಮೇಲೇರುತ್ತ, ಕೊನೆಗೆ ನೆಟ್ಟಗೆ ನಿಂತು ಆಕಾಶವನ್ನು ನೋಡತೊಡಗುತ್ತದೆ.

ಇಂಥ ಸಂದರ್ಭದಲ್ಲಿ ಗ್ಯಾರೇಜಿಗೆ ಹೋದರೆ ಸಿಕ್ಕುವ ಚಿಕಿತ್ಸೆ ಲೋಕವಿದಿತವಾದದ್ದು. ಹುಡುಗನೊಬ್ಬನು ಬಂದು, ಸನ್ನೆಯ ಬುಡದಲ್ಲಿರುವ ನಟ್ಟನ್ನು ಎರಡು ಸುತ್ತು ತಿರುಗಿಸಿ, ‘ಈಗ ಹಿಡೀತದೆ ಸಾರ್’ ಎನ್ನುತ್ತಾನೆ. ಹಿಡಿಯುತ್ತದೆ, ನಿಜ. ಆದರೆ ಸವೆದದ್ದು ಚಕ್ರದೊಳಗಿನ ಲೈನರು, ಬಿಗಿದದ್ದು ಆಸನದ ಪಕ್ಕದ ನಟ್ಟು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯು ಮೋಟಾರು ವಾಹನಗಳಿಗೂ ಅನ್ವಯಿಸುವುದೆಂದು ಅದನ್ನು ಕಟ್ಟಿದ ಹಿರಿಯರು ಊಹಿಸಿದ್ದಿರಲಾರರು. ಹೀಗೆ ಸದಾ ಬಿಗಿದುಕೊಂಡ ಕೇಬಲ್ಲಿನ ದೆಸೆಯಿಂದ ಡ್ರಮ್ಮಿನೊಳಗಿನ ಪುಟ್ಟ ಸನ್ನೆಯು ತನ್ನ ವಿಶ್ರಾಂತಿಸ್ಥಾನಕ್ಕೆ ಮರಳಲಾರದೆ, ಶೂಗಳ ಅಂತರವನ್ನು ತಾನಾಗಿ ಸರಿಪಡಿಸಿಕೊಳ್ಳುವ ಒಳಗಿನ ವ್ಯವಸ್ಥೆಯು ದಿಕ್ಕುಗೆಟ್ಟು, ಲೈನರು ಓಡುವಾಗಲೂ ಉಜ್ಜಿ, ಡ್ರಮ್ಮು ಕಾದು, ಪೆಟ್ರೋಲು ವ್ಯರ್ಥವಾಗಿ, ಸುಟ್ಟ ವಾಸನೆಯೊಂದು ಹಿಂದಿನ ಸೀಟಿನವರ ಮೂಗಿಗೆ ತಟ್ಟುತ್ತದೆ. ಅವರು ಅದನ್ನು ದಾರಿಬದಿಯ ಗೋಡಂಬಿ ಕಾರ್ಖಾನೆಯದೆಂದು ಸಮಾಧಾನಪಟ್ಟುಕೊಳ್ಳುತ್ತಾರೆ.

ನನ್ನ ಪುಣ್ಯವಶಾತ್ ದೊರೆತ ವೃದ್ಧ ಮೆಕ್ಯಾನಿಕ್ಕರೊಬ್ಬರ ಮಾರ್ಗವೇ ಬೇರೆ. ಸನ್ನೆಯ ಕಡೆಗೆ ಕಣ್ಣನ್ನೂ ಹಾಯಿಸದೆ ಅವರು ನೇರವಾಗಿ ಹಿಂದಕ್ಕೆ ನಡೆದರು. ‘ಮೇಲೆ ಬಿಗಿ ಮಾಡುದು ಕಡೆಗೆ ಮಾರಾಯ್ರೆ, ಮೊದ್ಲು ಚಕ್ರ ಏನು ಹೇಳ್ತದೆ ಕೇಳ್ಬೇಕು.’ ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಹಿಂಭಾಗವನ್ನೆತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ, ಡ್ರಮ್ಮನ್ನು ಕಳಚಿದರು. ಹಳೆಯ ಲೈನರುಗಳಲ್ಲಿ ಕಲ್ನಾರು ಇರುವ ಸಂಭವವುಂಟಾದಕಾರಣ ಧೂಳನ್ನು ಊದದೆ, ಒದ್ದೆಬಟ್ಟೆಯಲ್ಲಿ ಒರೆಸಿದರು. ಹೊಸ ಶೂಗಳನ್ನಿಟ್ಟು ಡ್ರಮ್ಮನ್ನು ಮುಚ್ಚಿ, ಒಳಗಿನ ವ್ಯವಸ್ಥೆಯು ತನ್ನ ಅಳತೆಯನ್ನು ತಾನು ಕಂಡುಕೊಳ್ಳಲೆಂದು ಕಾಲಿನ ಬ್ರೇಕನ್ನು ಹಲವು ಬಾರಿ ಒತ್ತಿಸಿದರು. ಇಷ್ಟೆಲ್ಲ ಆದ ತರುವಾಯವೇ ಆ ನಟ್ಟಿಗೆ ದರ್ಶನಭಾಗ್ಯ. ಸನ್ನೆ ಇಳಿಸಿದಾಗ ಚಕ್ರವು ಕೈಯಲ್ಲಿ ತಿರುಗಿಸಿದರೆ ಸರಾಗವಾಗಿ ತಿರುಗಬೇಕು. ಎತ್ತಿದಾಗ ಎಡಬಲಗಳೆರಡೂ ಸಮನಾಗಿ ಹಿಡಿಯಬೇಕು. ಮೊದಲನೆಯದು ಸರಿಯಾಗದೆ ಎರಡನೆಯದನ್ನು ಸಾಧಿಸಿದರೆ ಅದು ಬ್ರೇಕಲ್ಲ, ಬಂಧನ ಎಂಬುದು ಅವರ ಸಿದ್ಧಾಂತ.

ಈ ಸಿದ್ಧಾಂತವನ್ನು ಕೇಳಿದಂದಿನಿಂದ ನನಗೆ ಎಲ್ಲೆಲ್ಲಿಯೂ ನಟ್ಟು ಬಿಗಿಯುವವರೇ ಕಾಣುತ್ತಾರೆ. ಕಚೇರಿಯಲ್ಲಿ ಕಡತ ಚಲಿಸದಿದ್ದರೆ ಜವಾನನಿಗೆ ಮೆಮೊ. ಮಗನಿಗೆ ಗಣಿತ ಬಾರದಿದ್ದರೆ ಇನ್ನೊಂದು ಟ್ಯೂಷನ್ನು. ರಸ್ತೆಯಲ್ಲಿ ಹೊಂಡ ಬಿದ್ದರೆ ‘ನಿಧಾನವಾಗಿ ಚಲಿಸಿ’ ಎಂಬ ಫಲಕ. ಸಡಿಲವು ಕೈಗೆ ತಾಗುವ ಸ್ಥಳವೊಂದು, ಸವೆತವು ನಡೆಯುವ ಸ್ಥಳವೊಂದು. ಮೊದಲನೆಯದು ಕುಳಿತಲ್ಲಿಯೇ ಕೈಗೆಟುಕುವುದರಿಂದ ಲೋಕದ ಸುಧಾರಣೆಗಳೆಲ್ಲ ಅಲ್ಲಿಯೇ ಆರಂಭವಾಗಿ ಅಲ್ಲಿಯೇ ಸಮಾಪ್ತಿಗೊಳ್ಳುತ್ತವೆ.

ಇನ್ನು ಮಳೆಗಾಲದ ಪ್ರಕರಣವೇ ಬೇರೆ. ಕಡಲಿನ ಉಪ್ಪುಗಾಳಿಯೂ ಆಷಾಢದ ಧಾರೆಯೂ ಕೂಡಿ ಕೇಬಲ್ಲಿನ ಒರೆಯೊಳಗೆ ತುಕ್ಕನ್ನು ಬಿತ್ತುತ್ತವೆ. ಒದ್ದೆಯಾದ ಚಕ್ರಗಳ ಮೇಲೆ ರಾತ್ರಿಯಿಡೀ ಹ್ಯಾಂಡ್‌ಬ್ರೇಕನ್ನು ಎಳೆದಿಟ್ಟರೆ ಲೈನರು ಡ್ರಮ್ಮಿಗೆ ಅಂಟಿಕೊಂಡು, ಬೆಳಗ್ಗೆ ಹೊರಡುವಾಗ ಬಂಡಿಯು ಹಿಂಭಾಗವನ್ನು ತಗ್ಗಿಸಿ ಹಟ ಹಿಡಿದು, ಕೊನೆಗೆ ‘ಠಣ್’ ಎಂಬ ಶಬ್ದದೊಡನೆ ಬಿಡಿಸಿಕೊಳ್ಳುತ್ತದೆ. ಆದುದರಿಂದ ಅಂಥ ದಿನಗಳಲ್ಲಿ ಏರಿಗೆ ಮುಖಮಾಡಿ ನಿಲ್ಲಿಸಿದರೆ ಮೊದಲನೆಯ ಗೇರು, ಇಳಿಜಾರಿಗೆ ಮುಖಮಾಡಿದರೆ ರಿವರ್ಸು, ಬಂಡಿಯು ಉರುಳಿದರೂ ಪಕ್ಕದ ಕಟ್ಟೆಗೆ ತಾಗಿ ನಿಲ್ಲುವಂತೆ ಮುಂದಿನ ಚಕ್ರಗಳನ್ನು ತಿರುಗಿಸಿಡುವುದು, ಇವೇ ಬಲ್ಲವರ ಉಪಾಯಗಳು.

ನನ್ನ ಹೆಂಡತಿಯದು ಇವೆಲ್ಲಕ್ಕಿಂತಲೂ ಪ್ರಾಚೀನವಾದ ಉಪಾಯ. ಕಾರು ನಿಂತೊಡನೆ ಇಳಿದು, ಡಿಕ್ಕಿಯಲ್ಲಿ ಪ್ರತಿಷ್ಠಾಪಿತವಾಗಿರುವ ಮುರಕಲ್ಲಿನ ತುಂಡೊಂದನ್ನೆತ್ತಿ ಹಿಂದಿನ ಚಕ್ರಕ್ಕೆ ಒತ್ತಿಡುತ್ತಾಳೆ. ಹೊರಡುವಾಗ ಮರೆಯದೆ ತೆಗೆದಿಡುವುದು ಅವಳ ವೈಶಿಷ್ಟ್ಯ. ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಕೆಟ್ಟುನಿಂತ ಲಾರಿಗಳವರು ರಸ್ತೆಯ ನಡುವೆಯೇ ಬಿಟ್ಟುಹೋದ ಕಲ್ಲುಗಳು ದ್ವಿಚಕ್ರವಾಹನದವರಿಗೆ ಯಮದೂತರಾಗಿ ಪರಿಣಮಿಸುವುದನ್ನು ಬಲ್ಲವರಿಗೆ ಇದರ ಬೆಲೆ ತಿಳಿದೀತು. ಹೊಸ ಶೂ ಹಾಕಿಸಿ ಬಂದ ದಿನ, ಆರನೆಯ ಕಟಕ್ಕಿಗೇ ಬಂಡೆಯಂತೆ ನಿಂತ ಕಾರನ್ನು ತೋರಿಸಿ, ಇನ್ನು ಕಲ್ಲಿಗೆ ನಿವೃತ್ತಿಯೆಂದು ನಾನು ಘೋಷಿಸಿದಾಗ ಅವಳೆಂದಳು: ‘ಬ್ರೇಕು ಸರಿಯಿದ್ದ ದಿನ ಕಲ್ಲಿನಿಂದ ನಷ್ಟವಿಲ್ಲ. ಸರಿಯಿಲ್ಲದ ದಿನ ಮುಂಚಿತವಾಗಿ ನಿಮಗೆ ತಿಳಿಯುವುದಿಲ್ಲ.’

ಈ ತರ್ಕವನ್ನು ಖಂಡಿಸಲು ನಾನು ಶಾಸನದ ಮೊರೆಹೊಕ್ಕೆ. 1988ರ ಮೋಟಾರು ವಾಹನಗಳ ಅಧಿನಿಯಮದ 126ನೆಯ ಪ್ರಕರಣವು, ಚಾಲಕನಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ನಿಲ್ಲಿಸಿದ ಬಂಡಿಯ ಯಂತ್ರವನ್ನು ನಿಲ್ಲಿಸಿ ಬ್ರೇಕು ಹಾಕಿರಬೇಕೆಂದು ವಿಧಿಸುತ್ತದೆ. ಇಷ್ಟಕ್ಕೆ ನಿಂತಿದ್ದರೆ ಜಯವು ನನ್ನದಾಗುತ್ತಿತ್ತು. ಆದರೆ ಅದು ಮುಂದುವರಿದು, ಅಥವಾ ಬಂಡಿಯು ಅಕಸ್ಮಾತ್ತಾಗಿ ಚಲಿಸದಂತೆ ಬೇರೆ ಕ್ರಮವನ್ನು ಕೈಗೊಂಡಿದ್ದರೂ ಆದೀತೆಂದು ಅವಕಾಶ ಕೊಡುತ್ತದೆ. ಆ ‘ಬೇರೆ ಕ್ರಮ’ವು ನಮ್ಮ ಡಿಕ್ಕಿಯಲ್ಲಿಯೇ ಇದೆ, ಸವೆಯುವುದಿಲ್ಲ, ಹಿಗ್ಗುವುದಿಲ್ಲ, ಅದಕ್ಕೆ ನಟ್ಟೂ ಇಲ್ಲ. ಸಂಸತ್ತೇ ಅವಳ ಪಕ್ಷದಲ್ಲಿರುವುದರಿಂದ ಮೇಲ್ಮನವಿಯ ಯೋಚನೆಯನ್ನು ಕೈಬಿಟ್ಟು, ಪ್ರತಿ ಮಳೆಗಾಲಕ್ಕೆ ಮುನ್ನ ಡ್ರಮ್ಮು ಬಿಚ್ಚಿಸುವ ಅಧಿಕಾರವನ್ನಷ್ಟೇ ನನ್ನಲ್ಲಿ ಉಳಿಸಿಕೊಂಡಿದ್ದೇನೆ.