ಸ್ಲೈಡಿನಲ್ಲಿ ಸಿಗದ ನದಿ

ಪ್ರೌಢಶಾಲೆಯ ಭೂಗೋಳಕ್ಕೆ ಯಾವುದು ಮೇಲು, ಸ್ಲೈಡೋ ಕ್ವಿಜ್ ಆಟವೋ? ಶಿಕ್ಷಕರ ತರಬೇತಿಗಳಲ್ಲಿ ಇದೀಗ ಬಿಸಿ ಚರ್ಚೆ. ಭೂಗೋಳದ ವಿಷಯ ಮಾತ್ರ ಅಲ್ಲಿ ಬರುವುದಿಲ್ಲ.

ಸ್ಲೈಡನ್ನೇ ಮೊದಲು ನೋಡಿ. ಪವರ್‌ಪಾಯಿಂಟ್ ಬಂದದ್ದು 1987ರಲ್ಲಿ. ಇಂದಿಗೂ ನಾವು ಮಾಡುವುದು ಇಷ್ಟೇ: ಪಠ್ಯಪುಸ್ತಕದ ಸಾಲನ್ನು ಪರದೆಗೆ ಅಂಟಿಸುವುದು, ಮಕ್ಕಳಿಗೆ ಬೆನ್ನು ಹಾಕಿ ಅದನ್ನೇ ಓದುವುದು. ಇದರ ಹೆಸರು ಸ್ಮಾರ್ಟ್ ಕ್ಲಾಸ್. ಕರೆಂಟ್ ಹೋದರೆ ಸ್ಮಾರ್ಟೂ ಹೋಯಿತು.

ಹಿಮನದಿಗೆ ಚಿತ್ರ ಬೇಕು, ಒಪ್ಪೋಣ. ನಮ್ಮ ಬೀದರ್ ಜಿಲ್ಲೆಯಲ್ಲಿ ಹಿಮನದಿ ಇಲ್ಲ. ಕಪ್ಪು ಮಣ್ಣಿಗೂ ಪ್ರೊಜೆಕ್ಟರ್ ಬೇಕೆ? ಮಳೆಗಾಲದಲ್ಲಿ ಅದು ಹುಡುಗರ ಚಪ್ಪಲಿಗೆ ಮೆತ್ತಿಕೊಂಡು ತಾನೇ ಕ್ಲಾಸಿಗೆ ಬರುತ್ತದೆ. ಬೈದು ಹೊರಗೆ ಒರೆಸಿ ಬಾ ಅನ್ನುತ್ತೇವೆ. ಆಮೇಲೆ ಅದರದೇ ಫೋಟೊ ತೋರಿಸುತ್ತೇವೆ.

ಇನ್ನು ಆಟ. 2013ರಲ್ಲಿ ನಾರ್ವೆಯಿಂದ ಕಹೂಟ್, 2015ರಲ್ಲಿ ನಮ್ಮ ಬೆಂಗಳೂರಿನಿಂದಲೇ ಕ್ವಿಜಿಜ್. ಕಹೂಟಿನಲ್ಲಿ ನಾಲ್ಕು ಬಣ್ಣ, ನಾಲ್ಕು ಉತ್ತರ, ಬೇಗ ಒತ್ತಿದವನಿಗೆ ಹೆಚ್ಚು ಅಂಕ. ಯೋಚಿಸಿದವನು ಸೋತ. ರಾಜಧಾನಿಗಳ ಹೆಸರು ನೆನಪಿಡಿಸಲು ಚೆನ್ನ. ನದಿ ಏಕೆ ತಿರುಗಿತು ಎಂಬುದಕ್ಕೆ ಯಾವ ಬಣ್ಣ? ಶಾಲೆಗೆ ಮೊಬೈಲ್ ತಂದರೆ ಕಸಿದುಕೊಳ್ಳುವವರೂ ನಾವೇ, ಮೊಬೈಲಿನಲ್ಲಿ ಆಡಿ ಕಲಿಯಿರಿ ಅನ್ನುವವರೂ ನಾವೇ. ಕೊನೆಗೆ ಎಸ್ಸೆಸ್ಸೆಲ್ಸಿಯಲ್ಲಿ ಭಾರತದ ನಕ್ಷೆ ಬರೆಯಬೇಕು. ಪೆನ್ಸಿಲಿನಲ್ಲಿ.

12ನೇ ಶತಮಾನದಲ್ಲಿ ಎಲ್ಲರೂ ಕೂತು ಪ್ರಶ್ನೆ ಕೇಳಿದ ಊರು ನಮ್ಮ ಜಿಲ್ಲೆಯ ಬಸವಕಲ್ಯಾಣ. ಅಲ್ಲೀಗ ಪ್ರಶ್ನೆಯನ್ನೂ ಪರದೆಯೇ ಕೇಳಬೇಕು.

ಕಿಟಕಿಯಾಚೆ ಏನಿದೆ ಗೊತ್ತೆ? ಬಸವಕಲ್ಯಾಣ ತಾಲ್ಲೂಕಿನಲ್ಲಿ ಹುಟ್ಟುವ ಮುಲ್ಲಾಮಾರಿ ಕಾಗಿಣಾ ಸೇರುತ್ತದೆ, ಕಾಗಿಣಾ ಭೀಮೆಯನ್ನು, ಭೀಮೆ ಕೃಷ್ಣೆಯನ್ನು. ಹುಮನಾಬಾದ್ ಕಡೆಯ ಕಾರಂಜಾ ಮಾಂಜ್ರಾ ಹಿಡಿದು ಗೋದಾವರಿಗೆ ಹೋಗುತ್ತದೆ. ದಖ್ಖನ್ನಿನ ಎರಡು ದೊಡ್ಡ ನದಿಗಳಿಗೆ ಮಳೆ ಪಾಲಾಗುವ ದಿನ್ನೆ ಈ ಸೀಮೆಯಲ್ಲೇ ಇದೆ. ಇಂಥ ಪ್ರಯೋಗಾಲಯ ಪುಕ್ಕಟೆ ಸಿಕ್ಕಿದೆ. ನಮ್ಮ ಮಕ್ಕಳು ಅಮೆಜಾನ್ ಉದ್ದ ಎಷ್ಟೆಂದು ಗುಂಡಿ ಒತ್ತುತ್ತಿದ್ದಾರೆ. ಏಕೆಂದರೆ ಇಳಿಸಿಕೊಂಡ ರೆಡಿಮೇಡ್ ಸ್ಲೈಡಿನಲ್ಲಿ ಮುಲ್ಲಾಮಾರಿ ಇರುವುದಿಲ್ಲ. ಅದಿರುವ ಸ್ಲೈಡನ್ನು ಯಾರಾದರೂ ಕೂತು ಮಾಡಬೇಕು. ಕೂರುವವರು ಯಾರು?

ತರಬೇತಿ ಕೊಡುವ ಸಂಪನ್ಮೂಲ ವ್ಯಕ್ತಿಗಳೇ, ಮುಂದಿನ ಕಾರ್ಯಾಗಾರವನ್ನು ಮಳೆಗಾಲದಲ್ಲಿ ಇಡಿ, ಆ ದಿನ್ನೆಯ ಮೇಲೆ ಇಡಿ. ಹೆದರಬೇಡಿ, ಟಿಎ-ಡಿಎ ಅಷ್ಟೇ ಬರುತ್ತದೆ.